ಶಾಂತಚಿತ್ತದಿಂದ ಸೋಲುವ ಕಲೆ

ದೆಹಲಿಯ ಆಸಫ್ ಅಲಿ ರಸ್ತೆಯಲ್ಲಿ ಒಂದು ಕಾಲಕ್ಕೆ ಷೇರುಪೇಟೆಯೇ ಇತ್ತು. 1947ರಲ್ಲಿ ಹುಟ್ಟಿದ ದೆಹಲಿ ಸ್ಟಾಕ್ ಎಕ್ಸ್‌ಚೇಂಜ್‌ನ ಮಾನ್ಯತೆಯನ್ನು ಷೇರುಪೇಟೆ ನಿಯಂತ್ರಕ ಸೆಬಿ 2014ರಲ್ಲಿ ರದ್ದು ಮಾಡಿತು. ಅದಾಗಿ ಐದು ವರ್ಷಕ್ಕೆ ದರಿಯಾಗಂಜ್‌ನ ಭಾನುವಾರದ ಪುಸ್ತಕ ಸಂತೆಯನ್ನು ಫುಟ್‌ಪಾತಿನಿಂದ ಎಬ್ಬಿಸಿ ಇದೇ ರಸ್ತೆಯ ಮಹಿಳಾ ಹಾಟ್‌ಗೆ ತಂದರು. ಹೀಗಾಗಿ ಪೇಟೆ ಮುಚ್ಚಿದ ಬೀದಿಯಲ್ಲಿ ಈಗ ಪೇಟೆಯ ಪುಸ್ತಕಗಳು ರಾಶಿ ಬೀಳುತ್ತವೆ. ಆ ರಾಶಿಯಲ್ಲಿ ಮಾರ್ಕ್ ಡಗ್ಲಸ್‌ನ ‘ಟ್ರೇಡಿಂಗ್ ಇನ್ ದ ಝೋನ್’ ತಪ್ಪದೆ ಸಿಗುತ್ತದೆ, ತೆಳ್ಳನೆ ಕಾಗದದ ಕಳ್ಳಪ್ರತಿಯಲ್ಲಿ. 2000ದಲ್ಲಿ ಬಂದ ಪುಸ್ತಕ ಇದು. ಲೇಖಕ ತೀರಿಕೊಂಡು ದಶಕವೇ ಕಳೆಯಿತು. ಆದರೂ ಗುರುಗ್ರಾಮ, ನೋಯ್ಡಾಗಳ ಕಚೇರಿಗಳಲ್ಲಿ ಬೆಳಗ್ಗೆ 9.15ಕ್ಕೆ ಮೇಜಿನ ಕೆಳಗೆ ಮೊಬೈಲು ತೆರೆಯುವ ಹುಡುಗರು ಇದನ್ನು ಕೈಯಿಂದ ಕೈಗೆ ದಾಟಿಸುತ್ತಲೇ ಇದ್ದಾರೆ. ಇಷ್ಟು ಗೌರವಕ್ಕೆ ಪುಸ್ತಕ ಯೋಗ್ಯವೇ ಎಂದು ಕೇಳಿದವರು ಕಡಿಮೆ. ಯೋಗ್ಯವಲ್ಲ ಎಂಬುದು ನನ್ನ ಅಭಿಪ್ರಾಯ.

ಪುಸ್ತಕದ ಸಾರವನ್ನು ಇಲ್ಲಿ ಮತ್ತೆ ಬಿಡಿಸಬೇಕಿಲ್ಲ. ಪೇಟೆ ನಿನ್ನನ್ನು ಸೋಲಿಸುವುದಿಲ್ಲ, ನಿನ್ನ ಭಯ, ಆಸೆ, ಹಳೆಯ ಗಾಯಗಳೇ ನಿನ್ನನ್ನು ಸೋಲಿಸುತ್ತವೆ ಎಂಬ ಬೋಧೆ ಅದು. ಇಂದು ಎಲ್ಲರ ಬಾಯಲ್ಲಿರುವ ಬುದ್ಧಿಮಾತು ಹುಟ್ಟಿದ್ದು ಈ ಬೇರಿನಿಂದ: ಮನೆಯಲ್ಲಿ ಜಗಳವಾಗಿದ್ದರೆ, ನಿದ್ದೆಗೆಟ್ಟಿದ್ದರೆ, ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದ್ದರೆ, ಬಾಸ್ ಮೇಲಿನ ಸಿಟ್ಟು ಇಳಿಯದಿದ್ದರೆ ಅವತ್ತು ಟ್ರೇಡ್ ಮಾಡಬೇಡ.

ಮಾತೇನೋ ಸರಿ. ಅದಕ್ಕೆ ಆಧಾರವೂ ಇದೆ. ಆಂಡ್ರ್ಯೂ ಲೋ, ಡಿಮಿಟ್ರಿ ರೆಪಿನ್, ಬ್ರೆಟ್ ಸ್ಟೀನ್‌ಬಾರ್ಗರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ 80 ಡೇ ಟ್ರೇಡರ್‌ಗಳನ್ನು ಐದು ವಾರ ಗಮನಿಸಿತ್ತು. ಲಾಭ ಬಂದಾಗ ಉಬ್ಬಿ ನಷ್ಟವಾದಾಗ ಕುಸಿಯುವ ಗುಣ ಯಾರಿಗೆ ಹೆಚ್ಚಿತ್ತೋ ಅವರ ಲೆಕ್ಕವೂ ಹೆಚ್ಚು ಕೆಟ್ಟಿತ್ತು. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಗೆಲ್ಲುವ ಟ್ರೇಡರ್‌ನ ಸ್ವಭಾವ ಇಂಥದ್ದೇ ಎಂದು ಅದೇ ಅಧ್ಯಯನಕ್ಕೆ ಗುರುತಿಸಲು ಆಗಲಿಲ್ಲ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಪುಸ್ತಕದ ಜೀವ ಇರುವುದು ಕ್ಯಾಸಿನೊದ ಉದಾಹರಣೆಯಲ್ಲಿ. ಮುಂದಿನ ಆಟದಲ್ಲಿ ಯಾರು ಗೆಲ್ಲುತ್ತಾರೆಂದು ಕ್ಯಾಸಿನೊಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಸಾವಿರಾರು ಆಟಗಳ ಕೊನೆಗೆ ಗೆಲುವು ತನ್ನದೇ ಎಂಬ ಭರವಸೆಯಿಂದ ಅದು ನೆಮ್ಮದಿಯಾಗಿರುತ್ತದೆ. ಟ್ರೇಡರ್ ಕೂಡ ಹಾಗೇ ಯೋಚಿಸಬೇಕು ಎನ್ನುತ್ತಾನೆ ಡಗ್ಲಸ್. ಓದುವಾಗ ಮೈ ಜುಮ್ಮೆನ್ನುತ್ತದೆ. ಇಲ್ಲಿ ಸ್ವಲ್ಪ ನಿಂತು ನೋಡಿ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿವೆ. ನೀವು ಹಿಡಿದ ಅಂಕಿ ಬಿದ್ದರೆ ಸಿಗುವುದು ಹಾಕಿದ ಹಣದ 35 ಪಟ್ಟು. ಕ್ಯಾಸಿನೊದ ಮೇಲುಗೈ ಮರದಲ್ಲಿ, ಲೋಹದಲ್ಲಿ ಕೊರೆದಿಟ್ಟ ಮೇಲುಗೈ. ಚಕ್ರ ತಿರುಗಿಸುವ ನೌಕರ ಹೆಂಡತಿಯೊಡನೆ ಜಗಳವಾಡಿ ಬಂದಿರಲಿ, ಜ್ವರದಿಂದ ನರಳುತ್ತಿರಲಿ, ಆ 38 ಮನೆಗಳು 36 ಆಗುವುದಿಲ್ಲ. ಅಂದರೆ ಕ್ಯಾಸಿನೊ ಗೆಲ್ಲುವುದಕ್ಕೆ ಯಾರ ಮನಶ್ಶಾಂತಿಯೂ ಬೇಕಿಲ್ಲ. ಮನಸ್ಸೇ ಎಲ್ಲ ಎಂದು ಸಾಧಿಸಲು ಹೊರಟ ಲೇಖಕ ಮನಸ್ಸಿಗೆ ಕೆಲಸವೇ ಇಲ್ಲದ ಜಾಗವನ್ನು ಮಾದರಿಯಾಗಿ ಆರಿಸಿಕೊಂಡಿದ್ದಾನೆ. ಟ್ರೇಡರ್‌ಗೆ ಅಂಥ ಚಕ್ರ ಎಲ್ಲಿದೆ? ಇದೆ ಎಂದು ಹಿಡಿದುಕೊಂಡೇ ಪುಸ್ತಕ ಮುಂದೆ ಸಾಗುತ್ತದೆ. ಅದನ್ನು ಹುಡುಕುವುದು ಹೇಗೆ, ಸಿಕ್ಕಿದ್ದು ನಿಜವೋ ಭ್ರಮೆಯೋ ಎಂದು ತೀರ್ಮಾನಿಸುವುದು ಹೇಗೆ ಎಂಬುದಕ್ಕೆ ಒಂದು ಅಧ್ಯಾಯವಾದರೂ ಬೇಡವೇ?

ಕೊನೆಯಲ್ಲಿ ಒಂದು ಅಭ್ಯಾಸವಿದೆ. ಒಂದು ವಿಧಾನ ಆರಿಸಿಕೊಂಡು, ಸ್ಟಾಪ್‌ಲಾಸ್ ಗೊತ್ತುಮಾಡಿ, ನಡುವೆ ಏನನ್ನೂ ಬದಲಿಸದೆ ಕನಿಷ್ಠ 20 ಟ್ರೇಡ್ ಮಾಡಿ ಮುಗಿಸುವುದು. ಕಾಗದ ಪೆನ್ಸಿಲ್ ಹಿಡಿದು ಕೂತರೆ ಇದರ ಬಂಡವಾಳ ಬಯಲಾಗುತ್ತದೆ. ಏನೂ ಮೇಲುಗೈ ಇಲ್ಲದವನು, ಬರೀ ನಾಣ್ಯ ಚಿಮ್ಮುವವನು, 20ರಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಸಲ ಗೆಲ್ಲುವ ಸಂಭವ ಶೇ 25. ನಾಲ್ವರು ಮೂಢರಲ್ಲಿ ಒಬ್ಬ ‘ನನ್ನ ವಿಧಾನ ಪಕ್ಕಾ’ ಎಂದುಕೊಂಡು ಎದ್ದು ಬರುತ್ತಾನೆ. ಅತ್ತ ನಿಜವಾಗಿಯೂ ನೂರಕ್ಕೆ 55 ಸಲ ಗೆಲ್ಲುವ ವಿಧಾನ ಇರುವವನು ಅದೇ 20ರಲ್ಲಿ 10ನ್ನು ದಾಟದಿರುವ ಸಂಭವ ಶೇ 40ಕ್ಕೂ ಹೆಚ್ಚು. ಅವನು ತನ್ನ ಮನಸ್ಸಿನಲ್ಲೇ ದೋಷವಿದೆ ಎಂದು ಪುಸ್ತಕವನ್ನು ಎರಡನೇ ಸಲ ಓದುತ್ತಾನೆ. ಈ ಅಭ್ಯಾಸ ವಿಧಾನವನ್ನು ಪರೀಕ್ಷಿಸಲು ಅಲ್ಲ, ಶಿಸ್ತು ಕಲಿಯಲು ಎಂದು ಡಗ್ಲಸ್‌ನ ಪರವಾಗಿ ವಾದಿಸಬಹುದು. ಒಪ್ಪೋಣ. ಆದರೆ ಶಿಸ್ತಿನಿಂದ ನಾಣ್ಯ ಚಿಮ್ಮಿದರೆ ಬರುವುದೇನು? ಬ್ರೋಕರೇಜು, ಎಸ್‌ಟಿಟಿ, ಜಿಎಸ್‌ಟಿ ಪ್ರತಿಸಲವೂ ಕಡಿತವಾಗುತ್ತವೆ, ಶಿಸ್ತಿನವನಿಗೂ ಅಶಿಸ್ತಿನವನಿಗೂ ಒಂದೇ ದರದಲ್ಲಿ.

ನಮ್ಮ ಪೇಟೆಯ ಲೆಕ್ಕವನ್ನು ಸೆಬಿಯೇ ಮುಂದಿಟ್ಟಿದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಅಂಡ್ ಆಪ್ಷನ್ಸ್) ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯರಲ್ಲಿ ಶೇ 93ರಷ್ಟು ಮಂದಿ ಸೋತರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಉಳಿಸಿಕೊಂಡವರು ನೂರಕ್ಕೆ ಒಬ್ಬರು. ಮರುವರ್ಷ, 2024-25ರಲ್ಲಿ, ನಷ್ಟ ಒಂದೇ ವರ್ಷಕ್ಕೆ 1,05,603 ಕೋಟಿಗೆ ಏರಿತು. ಕೋಟಿ ಜನರಲ್ಲಿ 93 ಲಕ್ಷ ಮಂದಿಗೆ ಮೂರು ವರ್ಷ ಒಂದೇ ಸಮನೆ ಮನಸ್ಸು ಕೆಟ್ಟಿತ್ತೆಂದು ನಂಬಬೇಕಾದರೆ ಭಾರೀ ಭಕ್ತಿ ಬೇಕು. ಗೆದ್ದವರು ಯಾರು ಎಂಬುದೂ ಸೆಬಿಯ ಆ ಮೂರು ವರ್ಷದ ವರದಿಯಲ್ಲೇ ಇದೆ. 2023-24ರಲ್ಲಿ ವಿದೇಶಿ ಹೂಡಿಕೆ ಸಂಸ್ಥೆಗಳ ಲಾಭದ ಶೇ 97, ಸ್ವಂತ ಹಣದಿಂದ ಆಡುವ ಪ್ರಾಪ್ ಸಂಸ್ಥೆಗಳ ಲಾಭದ ಶೇ 96 ಬಂದದ್ದು ಕಂಪ್ಯೂಟರ್ ನಡೆಸುವ ಆಲ್ಗೊ ವ್ಯವಹಾರದಿಂದ.

2024ರ ಜನವರಿ 17, ಬ್ಯಾಂಕ್ ಷೇರುಗಳ ಸೂಚ್ಯಂಕ ಬ್ಯಾಂಕ್ ನಿಫ್ಟಿಯ ಆಪ್ಷನ್ಸ್ ಅವಧಿ ಮುಗಿಯುವ ಎಕ್ಸ್‌ಪೈರಿ ದಿನ, ಇದಕ್ಕೆ ಒಳ್ಳೆಯ ನಿದರ್ಶನ. 2025ರ ಜುಲೈ 3ರ ಸೆಬಿ ಮಧ್ಯಂತರ ಆದೇಶದ ಪ್ರಕಾರ ಅಮೆರಿಕದ ಟ್ರೇಡಿಂಗ್ ಸಂಸ್ಥೆ ಜೇನ್ ಸ್ಟ್ರೀಟ್ ಅವತ್ತು ಬೆಳಗ್ಗೆ 4,370 ಕೋಟಿ ರೂಪಾಯಿಯಷ್ಟು ಬ್ಯಾಂಕ್ ಷೇರು, ಫ್ಯೂಚರ್ಸ್ ಕೊಂಡು ಸೂಚ್ಯಂಕಕ್ಕೆ ಆಸರೆ ಕೊಟ್ಟಿತು. ಆಪ್ಷನ್ಸ್‌ನಲ್ಲಿ ಮಾತ್ರ ಅದೇ ಸೂಚ್ಯಂಕ ಬೀಳುತ್ತದೆಂದು ಬಾಜಿ ಕಟ್ಟಿತು. ಮಧ್ಯಾಹ್ನ ಕೊಂಡದ್ದನ್ನೆಲ್ಲ ಮಾರಿತು. ಆಪ್ಷನ್ಸ್‌ನಿಂದ ಒಂದೇ ದಿನದ ಲಾಭ 734.93 ಕೋಟಿ. ಸಂಸ್ಥೆ ಆರೋಪವನ್ನು ಅಲ್ಲಗಳೆದು ಮೇಲ್ಮನವಿ ಸಲ್ಲಿಸಿದೆ, ಅದರ ತೀರ್ಮಾನ ನನ್ನ ಕೆಲಸವಲ್ಲ. ರಾಜೀವ್ ಚೌಕ್‌ನಲ್ಲಿ ಮೆಟ್ರೊ ಬದಲಿಸುತ್ತ, ನೂಕುನುಗ್ಗಲಿನಲ್ಲಿ ಒಂದು ಕೈಯಿಂದ ಕಾಲ್ ಆಪ್ಷನ್ ಕೊಂಡ ಹುಡುಗನೂ, ಪ್ರಾಣಾಯಾಮ ಮುಗಿಸಿ ಮನೆಯಲ್ಲಿ ಎರಡು ಸ್ಕ್ರೀನ್ ಮುಂದೆ ಪದ್ಮಾಸನ ಹಾಕಿ ಕೊಂಡವನೂ ಅವತ್ತು ಒಂದೇ ಹಳ್ಳಕ್ಕೆ ಬಿದ್ದರು ಎಂಬುದಷ್ಟೇ ನನ್ನ ಮಾತು.

ಈ ಪುಸ್ತಕವನ್ನು ಕನ್ನಡದಲ್ಲಿ ಪರಿಚಯಿಸುವ ಮಿತ್ರರೊಡನೆ ನನಗೊಂದು ಹಳೆಯ ತಕರಾರಿದೆ. ಡಗ್ಲಸ್ ಹೇಳುವುದು ಗೀತೆಯನ್ನೇ ಎನ್ನುತ್ತಾರೆ ಅವರು: ಲಾಭನಷ್ಟಗಳಲ್ಲಿ ಸಮಭಾವ, ಫಲದ ಆಸೆ ಬಿಟ್ಟ ಕರ್ಮ, ಸ್ಥಿತಪ್ರಜ್ಞ ಟ್ರೇಡರ್. ಕೇಳಲು ಇಂಪಾಗಿದೆ. ಆದರೆ ಆಪ್ಷನ್ ಕೊಳ್ಳುವವನಿಗೆ ಫಲದ ಆಸೆಯ ಹೊರತು ಬೇರೆ ಯಾವ ಕರ್ಮವಿದೆ ಸ್ವಾಮಿ? ಮಹಾಭಾರತವೇ ಬೇಕೆಂದರೆ ಭೀಷ್ಮಪರ್ವ ಬಿಟ್ಟು ಸಭಾಪರ್ವಕ್ಕೆ ಬನ್ನಿ. ಇಂದ್ರಪ್ರಸ್ಥ ಇದೇ ದೆಹಲಿ. ಜೂಜಾಡಲು ಧರ್ಮರಾಯ ಹೋದ ಹಸ್ತಿನಾಪುರ ಮೀರತ್ ಜಿಲ್ಲೆಯಲ್ಲಿ, ಇವತ್ತಿನ ಎನ್‌ಸಿಆರ್ ಒಳಗೇ ಇದೆ. ಐವರಲ್ಲಿ ಶಾಂತಸ್ವಭಾವದವನು ಯಾರು? ಭೀಮನಲ್ಲ. ಸೋತವನು ಆ ಶಾಂತನೇ. ಆಡುತ್ತ ಆಡುತ್ತ ಅವನಿಗೂ ಹುಚ್ಚು ಹಿಡಿಯಿತಲ್ಲ ಎಂದರೆ, ಹೌದು, ಹಿಡಿಯಿತು; ಅದರಿಂದ ರಾಜ್ಯ ಬೇಗ ಹೋಯಿತು. ಹಿಡಿಯದಿದ್ದರೆ ನಿಧಾನವಾಗಿ ಹೋಗುತ್ತಿತ್ತು. ದಾಳ ಶಕುನಿಯ ಕೈಯಲ್ಲಿತ್ತು. ಧರ್ಮರಾಯನಿಗೆ ಮನಶ್ಶಾಸ್ತ್ರ ಹೇಳಿಕೊಡುವ ವಿಮರ್ಶೆ ಶಕುನಿಗೆ ಮಾಡುವ ಉಪಕಾರ.

ದೆಹಲಿಯ ಲಕ್ಷ್ಮೀನಗರದ ಕೋಚಿಂಗ್ ಗಲ್ಲಿಗಳಿಗೆ ಈ ಸಮಭಾವದ ತತ್ವ ಎಷ್ಟು ಅನುಕೂಲ ಎಂಬುದನ್ನೂ ಈ ಮಿತ್ರರು ಗಮನಿಸಬೇಕಿತ್ತು. ವಿದ್ಯಾರ್ಥಿ ಸೋತನೇ? ಸ್ಟ್ರಾಟಜಿ ಸರಿಯಾಗಿತ್ತು, ನಿನ್ನ ಸೈಕಾಲಜಿ ಸರಿ ಇರಲಿಲ್ಲ. ಕಲಿಸಿದವನ ಮೇಲೆ ಯಾವ ಹೊಣೆಯೂ ಬರದ ವಾಕ್ಯ ಇದು. 2023ರ ಅಕ್ಟೋಬರ್‌ನಲ್ಲಿ ‘ಬಾಪ್ ಆಫ್ ಚಾರ್ಟ್’ ಹೆಸರಿನ ತರಬೇತುದಾರನ ಮೇಲೆ ಸೆಬಿ ಹೊರಡಿಸಿದ ಆದೇಶವನ್ನು ಓದಿ. ಕೋರ್ಸುಗಳಿಂದ ಸಂಗ್ರಹವಾಗಿದ್ದು 17.20 ಕೋಟಿ. ಸುಮಾರು ಎರಡೂವರೆ ವರ್ಷದ ಸ್ವಂತ ಟ್ರೇಡಿಂಗ್‌ನಲ್ಲಿ ಆದದ್ದು 2.89 ಕೋಟಿ ನಷ್ಟ. ಮನಸ್ಸನ್ನು ಹದಕ್ಕೆ ತರುವುದು ಗುರುವಿಗೂ ಕಷ್ಟವಾಗಿತ್ತೇನೋ!

ಡಗ್ಲಸ್‌ಗೆ ಸಲ್ಲಬೇಕಾದ್ದೂ ಇದೆ. ಮುಂದಿನ ಕ್ಷಣ ಏನು ಬೇಕಾದರೂ ಆಗಬಹುದು ಎಂಬ ಮಾತನ್ನು ಅಷ್ಟು ಬಗೆಯಲ್ಲಿ ಮನವರಿಕೆ ಮಾಡಿಸಿದವರು ಕಡಿಮೆ. ಸೋತ ಸಿಟ್ಟಿನಲ್ಲಿ ಲಾಟ್ ದುಪ್ಪಟ್ಟು ಮಾಡುವವನನ್ನು ಆ ಪುಟಗಳು ಒಂದು ದಿನ ತಡೆದರೂ ಅಷ್ಟರಮಟ್ಟಿಗೆ ಲಾಭ. ಆದರೆ ಅದಕ್ಕೆ ಇನ್ನೂರು ಚಿಲ್ಲರೆ ಪುಟ ಬೇಕಿಲ್ಲ. ನಮ್ಮ ಬೆಂಗಳೂರಿನ ಬ್ರೋಕರ್ ಝೆರೋಧಾದಲ್ಲಿ ಕಿಲ್ ಸ್ವಿಚ್ ಎಂಬ ಗುಂಡಿ ಇದೆ. ಒತ್ತಿದರೆ ನೀವು ಆರಿಸಿದ ವಿಭಾಗದ ವ್ಯವಹಾರ ಬಂದ್. ಮತ್ತೆ ತೆರೆಯಲು 12 ಗಂಟೆ ಕಾಯಬೇಕು. ಅದು ನಿಮ್ಮ ಬಾಲ್ಯದ ಗಾಯವನ್ನು ಕೆದಕುವುದಿಲ್ಲ, ನಾಳೆ ಗೆಲ್ಲುತ್ತೀ ಎಂದು ಬೆನ್ನು ತಟ್ಟುವುದಿಲ್ಲ. ತಲೆ ಕೆಟ್ಟವನ ಕೈ ಕಟ್ಟುತ್ತದೆ, ಅಷ್ಟೆ. ವಿಮರ್ಶಕನಾಗಿ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಗುಂಡಿಯನ್ನೇ ಆರಿಸುತ್ತೇನೆ.

ಆದ್ದರಿಂದ ಮನಸ್ಸು ಸರಿಯಿಲ್ಲದಾಗ ಟ್ರೇಡ್ ಮಾಡಬೇಕೇ ಎಂದು ಯಾರಾದರೂ ಕೇಳಿದರೆ ಬೇಡ ಎನ್ನುವುದು ಸುಲಭ. ಮನಸ್ಸು ಸರಿ ಇದ್ದಾಗ ಮಾಡಬೇಕೇ ಎಂಬುದನ್ನೂ ಅವರೇ ಕೇಳಿಕೊಳ್ಳಲಿ. ಬ್ರೋಕರ್ ಕೊಡುವ ಲಾಭನಷ್ಟದ ಪಟ್ಟಿ, ಟ್ಯಾಕ್ಸ್ ಪಿ ಅಂಡ್ ಎಲ್, ಇಳಿಸಿಕೊಳ್ಳಿ. ಸಿಟ್ಟು, ಜ್ವರ, ಜಗಳದ ದಿನಗಳು ನಿಮಗೆ ನೆನಪಿರುತ್ತವೆ. ಅವನ್ನೆಲ್ಲ ಹೊಡೆದುಹಾಕಿ ಉಳಿದ ದಿನಗಳನ್ನು ಕೂಡಿ, ಖರ್ಚು ಕಳೆಯಿರಿ. ಮೊತ್ತದ ಹಿಂದೆ ಮೈನಸ್ ಗುರುತು ಇನ್ನೂ ಉಳಿದಿದ್ದರೆ ಮಹಿಳಾ ಹಾಟ್‌ನಲ್ಲಿ ಬೇರೆ ಪುಸ್ತಕ ಕೊಳ್ಳಿ.