ಸುಲಭವಾಗಿ ತಲುಪುವುದು ಯಾರಿಗೆ? ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ಯನ್ನು ಗೋಕಾಕ ಸೀಮೆಯಿಂದ ಓದಿದಾಗ

ವಿಶ್ವಗುರು ಫ್ರಾನ್ಸಿಸರು 2019ರ ಮೇ 7ರಂದು ಹೊರಡಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಆದೇಶಪತ್ರವು ಮೊದಲು ಮೂರು ವರ್ಷಗಳ ಪ್ರಯೋಗವಾಗಿ ಜಾರಿಗೆ ಬಂದು, 2023ರ ಮಾರ್ಚ್ 25ರಂದು ಪರಿಷ್ಕೃತಗೊಂಡು, ಅದೇ ಏಪ್ರಿಲ್ 30ರಿಂದ ಸ್ಥಾಯೀ ಶಾಸನವಾಗಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕ ಪ್ರತಿಯೊಬ್ಬ ಯಾಜಕನೂ ಧಾರ್ಮಿಕರೂ ಅದನ್ನು ವರದಿ ಮಾಡಲೇಬೇಕೆಂದು ಇಡೀ ಧರ್ಮಸಭೆಗೆ ವಿಧಿಸಿದ್ದು, ಮುಚ್ಚಿಹಾಕಿದ ಧರ್ಮಾಧ್ಯಕ್ಷರನ್ನೂ ವಿಚಾರಣೆಯ ವ್ಯಾಪ್ತಿಗೆ ತಂದದ್ದು ಇದರ ಹಿರಿಮೆ. ದೂರು ಕೊಟ್ಟವರ ಬಾಯಿ ಮುಚ್ಚಿಸುವಂತಿಲ್ಲ ಎಂಬ ನಾಲ್ಕನೆಯ ವಿಧಿಯೂ ಅಷ್ಟೇ ಮುಖ್ಯವಾದುದು. ಈ ಶಾಸನದ ಅಗತ್ಯವನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಅದರ ಎರಡನೆಯ ವಿಧಿಯಲ್ಲಿ ಬರುವ ಒಂದು ಮಾತಿನ ಮುಂದೆ ಮಾತ್ರ ನಿಲ್ಲಬೇಕೆನಿಸುತ್ತದೆ: ದೂರು ಸ್ವೀಕರಿಸುವ ವ್ಯವಸ್ಥೆ ಸಾರ್ವಜನಿಕರು ‘ಸುಲಭವಾಗಿ ತಲುಪುವಂತೆ’ ಇರಬೇಕು ಎನ್ನುತ್ತದೆ ಆ ವಿಧಿ. ಯಾರಿಗೆ ಸುಲಭ?

ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ತಾಲೂಕುಗಳಿಂದ ಈ ಪ್ರಶ್ನೆ ಕೇಳಿದರೆ ಅದರ ತೂಕ ಬೇರೆಯಾಗುತ್ತದೆ. 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಕ್ಷೇತ್ರದ ಕೇಂದ್ರ ಇರುವುದು ನಗರದಲ್ಲಿ. ಕಬ್ಬಿನ ಗದ್ದೆಗಳ ಈ ಸೀಮೆಯಲ್ಲಿ ಕಥೋಲಿಕರ ಮನೆಗಳು ವಿರಳ. ಇಂತಹ ಕಡೆ ಧರ್ಮಸಭೆಯ ಶಾಲೆಗೂ ಬೋರ್ಡಿಂಗಿಗೂ ಬರುವ ಮಕ್ಕಳಲ್ಲಿ ಹೆಚ್ಚಿನವರು ಅನ್ಯಧರ್ಮೀಯರು, ಬಡವರ ಮಕ್ಕಳು. ಸಣ್ಣ ಕೇಂದ್ರಗಳಲ್ಲಿ ಧರ್ಮಕೇಂದ್ರದ ಗುರು, ಶಾಲೆಯ ಸಂಚಾಲಕ, ಬೋರ್ಡಿಂಗಿನ ಮೇಲ್ವಿಚಾರಕ ಎಲ್ಲವೂ ಒಬ್ಬರೇ ಆಗುವುದು ಅಪರೂಪವಲ್ಲ. ಶುಲ್ಕ ಮನ್ನಾ ಮಾಡುವವರೂ ಅವರೇ, ಶಿಕ್ಷಕಿಯ ಸಂಬಳಕ್ಕೆ ಸಹಿ ಹಾಕುವವರೂ ಅವರೇ. ‘ಫಾದರ್ ಹಿಂಗ ಮಾಡ್ಯಾರ ಅಂತ ಯಾರ ಮುಂದ ಹೇಳ್ಲಿ?’ ಎಂದು ಅಲ್ಲಿನ ಒಂದು ಮಗು ಕೇಳಿದರೆ, ನಗರದ ಕಚೇರಿಯ ಒಂದು ಇಂಗ್ಲಿಷ್ ಇಮೇಲ್ ವಿಳಾಸ ಅದಕ್ಕೆ ಉತ್ತರವಾಗದು. ಆ ಮಗುವಿನ ತಾಯಿ ಧರ್ಮಾಧ್ಯಕ್ಷರ ಹೆಸರನ್ನೇ ಕೇಳಿರಲಾರಳು.

ಇದು ಕೇವಲ ಊಹೆಯಲ್ಲ ಎಂಬುದಕ್ಕೆ ನೆರೆಯ ಕೇರಳದ ಕೊಟ್ಟಿಯೂರು ಸಾಕ್ಷಿ. 2017ರಲ್ಲಿ ಬೆಳಕಿಗೆ ಬಂದ ಆ ಪ್ರಕರಣದಲ್ಲಿ ಅಪರಾಧಿಯು ಧರ್ಮಕೇಂದ್ರದ ಗುರುವೂ ಹೌದು, ಶಾಲೆಯ ವ್ಯವಸ್ಥಾಪಕನೂ ಹೌದು. ಹುಡುಗಿ ಹೆತ್ತದ್ದು ಧರ್ಮಸಭೆಯ ಆಸ್ಪತ್ರೆಯಲ್ಲಿ. ಮೊದಲಿಗೆ ಅಪರಾಧವನ್ನು ಹೊತ್ತುಕೊಳ್ಳಲು ಮುಂದಾದವನು ಅವಳ ತಂದೆ. ವಯನಾಡಿನ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರಾಗಿದ್ದವರೂ ಅದೇ ಧರ್ಮಕ್ಷೇತ್ರದ ಗುರು. 2019ರ ಫೆಬ್ರವರಿಯಲ್ಲಿ ನ್ಯಾಯಾಲಯ ಮುಖ್ಯ ಆರೋಪಿಯನ್ನು ದೋಷಿಯೆಂದು ತೀರ್ಮಾನಿಸಿತು; ಉಳಿದವರ ಮೇಲಿನ ಆರೋಪ ನಿಲ್ಲಲಿಲ್ಲ. ಅವರನ್ನು ಮತ್ತೆ ಕಟಕಟೆಗೆ ಎಳೆಯುವುದು ನನ್ನ ಇಂಗಿತವಲ್ಲ. ಆದರೆ ಆ ಕುಟುಂಬ ಯಾವ ಬಾಗಿಲು ತಟ್ಟಿದರೂ ತೆರೆಯುವವರು ನಮ್ಮವರೇ ಆಗಿದ್ದರು ಎಂಬುದನ್ನು ಗಮನಿಸಬೇಕು. ಯಾರೂ ಕೆಟ್ಟವರಲ್ಲದಿದ್ದರೂ ಅಂತಹ ಊರಿನಲ್ಲಿ ಮಗುವಿಗೆ ದಾರಿ ಇರುವುದಿಲ್ಲ.

ಇನ್ನು ಶಾಸನದ ಭಾಷೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಈ ಅಪರಾಧ ಇದ್ದದ್ದು 1395ನೆಯ ಕಾನೂನಿನಲ್ಲಿ, ಯಾಜಕರ ವಿಶೇಷ ಕರ್ತವ್ಯಗಳ ಉಲ್ಲಂಘನೆ ಎಂಬ ಶೀರ್ಷಿಕೆಯ ಕೆಳಗೆ. ಅಂದರೆ ಅದು ಬ್ರಹ್ಮಚರ್ಯಕ್ಕೆ ಆದ ಭಂಗ, ನೊಂದದ್ದು ಯಾಜಕತ್ವ. 2021ರಲ್ಲಿ ‘ಪಾಶಿತೆ ಗ್ರೆಗೆಮ್ ದೇಯಿ’ಯ ಮೂಲಕ ಆರನೆಯ ಗ್ರಂಥ ಪರಿಷ್ಕೃತವಾದಾಗ ಇದು 1398ನೆಯ ಕಾನೂನಾಗಿ, ಮಾನವ ಜೀವ, ಘನತೆ, ಸ್ವಾತಂತ್ರ್ಯಗಳ ವಿರುದ್ಧದ ಅಪರಾಧಗಳ ಸಾಲಿಗೆ, ಕೊಲೆ ಅಪಹರಣಗಳ ಪಕ್ಕಕ್ಕೆ ಬಂತು. ದೈವಶಾಸ್ತ್ರದ ದೃಷ್ಟಿಯಿಂದ ಇದು ಬಹು ದೊಡ್ಡ ಸ್ಥಾನಾಂತರ. ಆದರೆ ಮನೆ ಬದಲಾದರೂ ಮಾತು ಬದಲಾಗಲಿಲ್ಲ. ಹೊಸ ಕಾನೂನೂ ಅದನ್ನು ‘ಅಪ್ರಾಪ್ತ ವಯಸ್ಕರೊಂದಿಗೆ ಆರನೆಯ ಕಟ್ಟಳೆಯ ವಿರುದ್ಧ’ ಮಾಡಿದ ಅಪರಾಧವೆಂದೇ ಕರೆಯುತ್ತದೆ. ಆರನೆಯ ಕಟ್ಟಳೆ ಎಂದರೆ ಲೈಂಗಿಕ ಪಾಪಗಳೆಲ್ಲದರ ಸಾಂಪ್ರದಾಯಿಕ ಹೆಸರು, ಕಾನೂನಿನ ನಿಖರತೆಗಾಗಿ ಉಳಿಸಿಕೊಂಡಿದ್ದಾರೆ ಎಂಬ ಪಂಡಿತರ ಸಮಾಧಾನ ನನಗೆ ತಿಳಿಯದ್ದಲ್ಲ. ಆದರೆ ಕನ್ನಡದಲ್ಲಿ ಧರ್ಮೋಪದೇಶ ಕಲಿತ ಹುಡುಗಿಗೆ ಆರನೆಯ ಕಟ್ಟಳೆ ಎಂದರೆ ವ್ಯಭಿಚಾರ. ‘ಒಂದಿಗೆ’ ಎಂಬ ವಿಭಕ್ತಿ ಅವಳನ್ನು ಆ ಪಾಪದ ಪಾಲುಗಾರ್ತಿಯನ್ನಾಗಿ ಮಾಡುತ್ತದೆ. ಕನ್ನಡಕ್ಕೆ ‘ಮೇಲೆ’ ಎಂಬ ಸರಳ ಪದವಿದೆ: ಮಗುವಿನ ಮೇಲೆ ನಡೆದ ಅಪರಾಧ. ನಮ್ಮ ಪ್ರಬೋಧನೆಗಳಲ್ಲೂ ಗುರುಗಳ ಮಾತುಕತೆಯಲ್ಲೂ ‘ಎಡವಿದರು’, ‘ಬಿದ್ದರು’, ‘ದುರ್ಬಲರಾದರು’ ಎಂಬ ಮಾತುಗಳೇ ಇನ್ನೂ ಚಲಾವಣೆಯಲ್ಲಿವೆ. ಎಡವಿದವನ ಕಾಲಿಗೆ ಆದ ಗಾಯವನ್ನೇ ನೋಡುವ ಭಾಷೆ ಇದು. ಬೀಸುವ ಕಲ್ಲಿನ ಮಾತನ್ನಾಡಿದ ಪ್ರಭುವಿನ ಕಣ್ಣು ಇದ್ದದ್ದು ಚಿಕ್ಕವರ ಮೇಲೆ.

ವರದಿಯ ಕರ್ತವ್ಯದ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ‘ವೋಸ್ ಎಸ್ತಿಸ್’ನ ಪ್ರಕಾರ ಗುರು ವರದಿ ಮಾಡಬೇಕಾದದ್ದು ಸ್ಥಳೀಯ ಧರ್ಮಾಧಿಕಾರಿಗೆ. ಭಾರತದ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಂ ಪ್ರಕಾರ ಪೊಲೀಸರಿಗೆ. ಧರ್ಮಾಧ್ಯಕ್ಷರಿಗೆ ಪತ್ರ ಬರೆದು ಕೈ ತೊಳೆದುಕೊಂಡ ಗುರು 21ನೆಯ ಕಲಂ ಅಡಿ ಶಿಕ್ಷಾರ್ಹ; ಅಧೀನದಲ್ಲಿರುವವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಆದೇಶಪತ್ರದ ಕೊನೆಯ ವಿಧಿ ನಾಡಿನ ಕಾನೂನಿನ ಕರ್ತವ್ಯಗಳು ಹಾಗೆಯೇ ಉಳಿಯುತ್ತವೆ ಎನ್ನುತ್ತದೆ. ಆದರೆ ಕೊನೆಯಲ್ಲಿರುವುದನ್ನು ಓದುವವರು ಕಡಿಮೆ. ಪೋಕ್ಸೊದಲ್ಲಿ ಯಾಜಕರಿಗೆಂದು ವಿನಾಯಿತಿ ಇಲ್ಲ, ಪಾಪನಿವೇದನೆಯ ಮುದ್ರೆಯನ್ನು ನಾವು ಒಡೆಯುವಂತೆಯೂ ಇಲ್ಲ. ಈ ಸಂಘರ್ಷ ನಿಜವಾದದ್ದು. ಆದರೂ ಅದನ್ನು ಅಗತ್ಯಕ್ಕಿಂತ ದೊಡ್ಡದು ಮಾಡಿ ಅದರ ನೆರಳಿನಲ್ಲಿ ಕೂರುವ ಅಭ್ಯಾಸ ನಮ್ಮಲ್ಲಿದೆ. ಶಾಲೆಯ ಜಗುಲಿಯಲ್ಲಿ ಮಗು ಅತ್ತು ಹೇಳಿದ್ದು ಸಂಸ್ಕಾರವಲ್ಲ. ನಿವೇದನೆಯಲ್ಲೇ ಹೇಳಿದರೂ, ನೊಂದವರಿಗೆ ಅವರ ಹಕ್ಕುಗಳನ್ನೂ ದೂರು ಕೊಡುವ ಕಾನೂನಿನ ದಾರಿಗಳನ್ನೂ ತಿಳಿಸಬೇಕೆಂದು ಅಪೊಸ್ತಲಿಕ ಪ್ರಾಯಶ್ಚಿತ್ತ ಪೀಠದ 2019ರ ಟಿಪ್ಪಣಿ ಗುರುಗಳಿಗೆ ಸೂಚಿಸುತ್ತದೆ. ಹಾಗೆ ತಿಳಿಸಬೇಕಾದರೆ ನಿವೇದನೆ ಕೇಳುವವನಿಗೆ 1098 ಮಕ್ಕಳ ಸಹಾಯವಾಣಿಯೂ, ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವಿನ ಮನೆಯಲ್ಲೇ ಹೇಳಿಕೆ ಪಡೆಯಬಹುದು ಎಂಬ 24ನೆಯ ಕಲಂ ಕೂಡ ಗೊತ್ತಿರಬೇಕು. ನೈತಿಕ ದೈವಶಾಸ್ತ್ರದ ಪರೀಕ್ಷೆಯಲ್ಲಿ ಈ ಪ್ರಶ್ನೆಯನ್ನು ಯಾಕೆ ಕೇಳಬಾರದು?

ಕಾಯಿದೆ ಹೇಗೆ ಕಿವಿ ಪಡೆಯುತ್ತದೆ ಎಂಬುದನ್ನು ಕಲಿಯಲು ರೋಮಿಗೆ ಹೋಗಬೇಕಿಲ್ಲ. ದೇವರ ಹೆಸರಿನಲ್ಲಿ ಹುಡುಗಿಯರನ್ನು ದುರುಪಯೋಗಪಡಿಸಿಕೊಂಡ ಪದ್ಧತಿಯೊಂದನ್ನು ಈ ಸೀಮೆ ಬಲ್ಲದು. ಅನ್ಯರ ದೋಷವೆಂದು ಅದನ್ನು ಎತ್ತಿ ತೋರಿಸುವುದೂ ನಮಗೆ ಸಲೀಸು. ದೇವದಾಸಿ ಪದ್ಧತಿಯ ವಿರುದ್ಧ ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲೇ ಕಾಯಿದೆಯಾಯಿತು. ಬೆಳಗಾವಿ ಆಗ ಆ ಪ್ರಾಂತ್ಯದಲ್ಲಿತ್ತು. ಕರ್ನಾಟಕ 1982ರಲ್ಲಿ ತನ್ನದೇ ಕಾಯಿದೆ ತಂದಿತು. ಅಷ್ಟಾದರೂ ಗುಟ್ಟಾಗಿ ಮುತ್ತು ಕಟ್ಟುವ ಸುದ್ದಿ ಮೊದಲು ತಿಳಿಯುತ್ತಿದ್ದುದು ಓಣಿಯ ಹೆಂಗಸರಿಗೆ. 1997ರಲ್ಲಿ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರ ಸಂಘಟನೆಯಾಗಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ರೂಪುಗೊಂಡ ಮೇಲೆ ಆ ಓಣಿಗಳಲ್ಲಿ ಕಾಯಿದೆಗೆ ಕಣ್ಣು ಕಿವಿಗಳು ಬಂದವು. ನೊಂದವರೇ ಕಾವಲುಗಾರರಾದರು. ನಮ್ಮ ಆದೇಶಪತ್ರವಾದರೋ ನೊಂದವರಿಗೆ ಆರೈಕೆಯನ್ನು ವಿಧಿಸುತ್ತದೆ, ಕಾವಲಿನ ಅಧಿಕಾರವನ್ನಲ್ಲ. ವಿಚಾರಣೆಯಲ್ಲಿ ಶ್ರೀಸಾಮಾನ್ಯ ಪರಿಣತರ ನೆರವು ಪಡೆಯಬಹುದು ಎನ್ನುತ್ತದೆ, ಪಡೆಯಲೇಬೇಕು ಎನ್ನುವುದಿಲ್ಲ. ಅದರ ಅತ್ಯಂತ ದುರ್ಬಲ ಎಳೆ ಇದೇ ಎಂದು ನನ್ನ ಅಭಿಪ್ರಾಯ.

ರೋಮ್ ‘ಬಹುದು’ ಎಂದದ್ದನ್ನು ‘ಬೇಕು’ ಮಾಡಿಕೊಳ್ಳಲು ಯಾವ ಧರ್ಮಕ್ಷೇತ್ರಕ್ಕೂ ಅಡ್ಡಿಯಿಲ್ಲ. ಪ್ರತಿ ತಾಲೂಕಿಗೆ, ನಮ್ಮ ಯಾವ ಸಂಸ್ಥೆಯಿಂದಲೂ ಸಂಬಳ ಪಡೆಯದ ಒಬ್ಬ ಮಹಿಳೆಯನ್ನು ದೂರು ಕೇಳಲು ನೇಮಿಸಬಹುದು. ಅವಳು ಕಥೋಲಿಕಳೇ ಆಗಿರಬೇಕೆಂದಿಲ್ಲ. ಪಾಲನಾ ಅನುಭವಕ್ಕೆಂದು ಬೋರ್ಡಿಂಗಿಗೆ ಹೋಗುವ ಗುರು ಅಭ್ಯರ್ಥಿಗಳು ಮೊದಲ ದಿನವೇ ಹೋಗಿ ಅವಳ ಪರಿಚಯ ಮಾಡಿಕೊಳ್ಳಲಿ. ಅವಳ ಹೆಸರು, ದೂರವಾಣಿ ಸಂಖ್ಯೆ ಮತ್ತು 1098 ಮಕ್ಕಳು ಮಲಗುವ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿರಲಿ, ಮರಾಠಿ ಮಾತನಾಡುವ ಮಕ್ಕಳಿರುವಲ್ಲಿ ಮರಾಠಿಯಲ್ಲೂ ಇರಲಿ. ಮಗು ಕರೆ ಮಾಡಲು ಬಳಸುವ ಫೋನು ಮಾತ್ರ ಗುರುಗಳ ಕಚೇರಿಯ ಮೇಜಿನ ಮೇಲೆ ಇರುವುದು ಬೇಡ.