ಅಡ್ಡಹೆಸರಿನ ನಗು

ಧಾರವಾಡದ ಕಡೆಯ ಅಡ್ಡಹೆಸರುಗಳನ್ನು ಹಿಡಿದು ನಗಿಸುವುದು ನಮ್ಮ ಹಾಸ್ಯಸಭೆಗಳ ಹಳೇ ಚಟ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಎಣ್ಣಿ: ಸಾಲಿಯ ಹಾಜರಿ ಪುಸ್ತಕದಾಗ ಪೂರಾ ಸಂತಿನೇ ಐತಿ ಅಂತ ಭಾಷಣಕಾರ ಹೇಳುತ್ತಾನೆ, ಮಂದಿ ಚಪ್ಪಾಳೆ ಹೊಡೆಯುತ್ತಾರೆ. ನಾವೂ ನಕ್ಕಿದ್ದೇವೆ. ಆದರೆ ಅದೇ ಪುಸ್ತಕದಲ್ಲಿ ಮಾದರ ಇದೆ, ಹರಿಜನ ಇದೆ. ಆ ಸಾಲು ಬಂದಾಗ ಯಾರೂ ನಗುವುದಿಲ್ಲ, ದನಿ ತಗ್ಗಿಸುತ್ತಾರೆ. ಯಾಕೆ?

ಮೈಸೂರು ಸೀಮೆಯಲ್ಲಿ ಹೆಸರಿನ ಮುಂದೆ ಊರಿನ, ಅಪ್ಪನ ಅಕ್ಷರ ಇದ್ದರೆ ನಡೆಯುತ್ತಿತ್ತು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಮ್ಮ ಕಡೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಬೇಕು. ಇದರ ವ್ಯಾಕರಣವೂ ಮೋಜಿನದು. ಬೆಲ್ಲದ, ಬಡಿಗೇರ, ಗೌಡರ, ಮಾದರ ಎಲ್ಲವೂ ಷಷ್ಠಿ ವಿಭಕ್ತಿ. ಇಂಥದ್ದರ, ಇಂಥವರ ಎಂದು ಅರ್ಥ. ಬೆಲ್ಲದವರ ಮಗ ವಕೀಲನಾದರೆ ಬೆಲ್ಲ ಮರೆತುಹೋಗುತ್ತದೆ. ಪಾಟೀಲಕಿ, ಕುಲಕರ್ಣಿಕೆಗಳು ಕಾಯ್ದೆಯಿಂದ ಹೋದವು, ಹೆಸರಿನ ಗತ್ತು ಉಳಿಯಿತು. ಮಾದರ ಹುಡುಗ ಎಂ.ಎ. ಮುಗಿಸಿ ಬಾಡಿಗೆ ಮನೆ ಕೇಳಲು ಹೋದರೆ ಮಾತ್ರ ಷಷ್ಠಿ ವಿಭಕ್ತಿ ಅವನಿಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತದೆ.

ಹರಿಜನ ಎಂಬ ಹೆಸರನ್ನಂತೂ ನಮ್ಮ ಕೇರಿಯ ಯಾವ ಮುದುಕಿಯೂ ಇಟ್ಟಿದ್ದಲ್ಲ. ಗಾಂಧೀಜಿ 1933ರಲ್ಲಿ ಆ ಹೆಸರಿನ ವಾರಪತ್ರಿಕೆ ಹೊರಡಿಸಿದರು. ಅಂಬೇಡ್ಕರ್ ಆ ಹೆಸರನ್ನು ಒಪ್ಪಲಿಲ್ಲ. ಜಾತಿ ಪ್ರಮಾಣಪತ್ರದಲ್ಲಿ ಅದನ್ನು ಬಳಸಬೇಡಿ ಎಂದು ಕೇಂದ್ರ ಸರಕಾರ 1982ರಲ್ಲಿ ಹೇಳುವ ಹೊತ್ತಿಗೆ ಅದು ಎಷ್ಟೋ ಮಕ್ಕಳ ಅಡ್ಡಹೆಸರೇ ಆಗಿಹೋಗಿತ್ತು. ಸ್ವಂತ ಹೆಸರಾದರೂ ನೆಟ್ಟಗೆ ಉಳಿಯಿತೇ? ಕೇರಿಯ ಯಲ್ಲಪ್ಪ ಮುದುಕನಾದರೂ ಊರೊಳಗೆ ಯಲ್ಲ್ಯಾ. ಗೌಡರ ಮನೆಯ ಎಂಟು ವರ್ಷದ ಕೂಸು ಅವನ ಬಾಯಲ್ಲಿ ಸಣ್ಣ ಗೌಡ್ರು!

ಹೆಸರು ಬರೆಯುವ ಲೇಖಣಿ ಯಾರ ಕೈಯಲ್ಲಿತ್ತು ಎಂಬುದಕ್ಕೆ ಧಾರವಾಡದಲ್ಲೇ ಒಂದು ಹಳೇ ಪ್ರಸಂಗವಿದೆ. 1856ರಲ್ಲಿ ಇಲ್ಲಿಯ ಸರಕಾರಿ ಸಾಲಿಗೆ ಸೇರಿಸಿಕೊಳ್ಳದಿದ್ದಾಗ ಒಬ್ಬ ಮಹಾರ ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಸರಕಾರ ಒಪ್ಪಿತು. ಒಬ್ಬನ ಸಲುವಾಗಿ ಉಳಿದವರು ಸಾಲಿ ಬಿಟ್ಟಾರೆಂದು ಬಾಗಿಲು ಮಾತ್ರ ತೆರೆಯಲಿಲ್ಲ. ವಿಷಯ ಕಲಕತ್ತೆಗೆ ಹೋಯಿತು, ಲಂಡನ್ನಿಗೆ ಹೋಯಿತು. ಸರಕಾರಿ ಸಾಲಿಗಳು ಎಲ್ಲ ವರ್ಗದವರಿಗೂ ಎಂಬ ಮಾತು ಕೊನೆಗೆ ಕಂಪನಿಯ ನಿರ್ದೇಶಕರಿಂದ ಬಂತು. ಆ ಕಾಲದ ಸಾಹೇಬರ ಹೆಸರುಗಳೆಲ್ಲ ಚರಿತ್ರೆಯಲ್ಲಿವೆ. ಅವರನ್ನೆಲ್ಲ ಉತ್ತರಕ್ಕೆ ತಡಕಾಡಿಸಿದ ಹುಡುಗ ಪುಸ್ತಕಗಳಲ್ಲಿ ಇಂದಿಗೂ ಬರೇ 'ಮಹಾರ ಹುಡುಗ'!

ಹಳ್ಳಿಯ ಮಾಸ್ತರ ಗೆಳೆಯರೇ, ಜೂನ್ ತಿಂಗಳಲ್ಲಿ ಹೆಸರು ಹಚ್ಚುವ ಲೇಖಣಿ ಈಗ ನಿಮ್ಮ ಕೈಯಲ್ಲಿದೆ. ಮಾದಾರ ಚೆನ್ನಯ್ಯನ ಕುಲದವರು ನಾವು ಎಂದು ಎದೆಯುಬ್ಬಿಸಿ ಮಾದರ ಎಂದೇ ಬರೆಸುವವರಿದ್ದಾರೆ. ಬರೆಯಿರಿ, ಅದು ಅವರ ಹಕ್ಕು. ಬೇರೆ ಹೆಸರು ಹೇಳುವವರಿದ್ದಾರೆ, ಅದನ್ನೂ ಬರೆಯಿರಿ. ಮೀಸಲಾತಿಗೆ ಜಾತಿ ಬೇಕು, ಅದಕ್ಕೆ ಬೇರೆಯೇ ಕಾಲಮ್ಮಿದೆ. ಅದನ್ನು ಹೆಸರಿನ ಕಾಲಮ್ಮಿಗೆ ಎಳೆದು ತರಬೇಡಿ. 'ಯಾರ ಪೈಕಿ ನೀ?' ಎಂದು ಕೇಳುವ ಮೊದಲು 'ನಿನ್ನ ಹೆಸರೇನಪ್ಪಾ?' ಎಂದು ಕೇಳಿರಿ. ಕೂಸು ಹೇಳಿದ್ದನ್ನು ಹೇಳಿದಂತೆ ಬರೆಯಿರಿ.