ಮದುವೆ ಮುಗಿದ ಮನೆಯ ಸಿನೆಮಾ

2022ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ತೆರೆಕಂಡ ‘ಆರ್‌ಆರ್‌ಆರ್’ ಅಲ್ಲಿ ತಿಂಗಳುಗಟ್ಟಲೆ ಓಡಿತು. ರಜನಿಕಾಂತರ ‘ಮುತ್ತು’ 1998ರಿಂದ ಉಳಿಸಿಕೊಂಡು ಬಂದಿದ್ದ ಗಳಿಕೆಯ ದಾಖಲೆಯನ್ನೂ ಮುರಿಯಿತು. ಅಂದಿನಿಂದ ಹೈದರಾಬಾದಿನ ಚಿತ್ರೋದ್ಯಮದ ಮಾತುಕತೆಯಲ್ಲಿ ಜಪಾನ್ ಎಂದರೆ ಮಾರುಕಟ್ಟೆ. ಈ ಊರಿನಲ್ಲಿರುವ ಕನ್ನಡಿಗನಾದ ನನಗೆ ಅದಕ್ಕಿಂತ ಹಳೆಯದಾದ, ಎದುರು ದಿಕ್ಕಿನ ಹರಿವು ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಜಪಾನಿನ ಚಿತ್ರಗಳು ಬಹುಕಾಲ ನಮ್ಮ ಮಾಮೂಲಿ ಥಿಯೇಟರುಗಳಿಗೆ ಹೆಚ್ಚಾಗಿ ಬರಲಿಲ್ಲ. ಫಿಲ್ಮ್ ಸೊಸೈಟಿಗಳ ಮೂಲಕ ಬಂದವು. ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಶ್ಯಾಮ್ ಬೆನೆಗಲ್ ಇಲ್ಲಿ ಹೈದರಾಬಾದ್ ಫಿಲ್ಮ್ ಸೊಸೈಟಿಯನ್ನು ಕಟ್ಟಿದ್ದರು. ಮುಂದೆ ಮಣಿಪಾಲದಲ್ಲಿ ಬಿ.ಫಾರ್ಮಾ ಮುಗಿಸಿದ ತೀರ್ಥಹಳ್ಳಿ ಸೀಮೆಯ ಯುವಕರೊಬ್ಬರು ತರಬೇತಿಗೆಂದು ಇದೇ ಹೈದರಾಬಾದಿಗೆ ಬಂದರು. ಔಷಧ ಮತ್ತು ಸಿನೆಮಾ ಎರಡನ್ನೂ ಒಟ್ಟಿಗೆ ನಿಭಾಯಿಸಲಾಗದೆ ಮೊದಲನೆಯದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. ಅಲ್ಲಿ ಅವರ ಮೇಲೆ ಗಾಢ ಪ್ರಭಾವ ಬೀರಿದವರಲ್ಲಿ ಜಪಾನಿನ ನಿರ್ದೇಶಕರಾದ ಯಸುಜಿರೊ ಓಜು ಮತ್ತು ಅಕಿರಾ ಕುರೊಸಾವಾ ಇದ್ದರು. ಆ ಯುವಕ ಗಿರೀಶ ಕಾಸರವಳ್ಳಿ.

ಓಜು ಅವರಿಂದ ಕನ್ನಡಕ್ಕೆ ಏನು ಬಂತು ಎಂದು ಕೇಳುವ ಮೊದಲು, ಆ ಪರಂಪರೆಯ ತಿರುಳು ಯಾವುದೆಂದು ಕೇಳಬೇಕು. ಸಾಮಾನ್ಯವಾಗಿ ಸಿಗುವ ಉತ್ತರ, ಅದು ನಿಧಾನ, ಮೌನ, ಪೌರ್ವಾತ್ಯ ಶಾಂತಿ ಎಂಬುದು. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ‘ಸೆವೆನ್ ಸಮುರಾಯ್’ (1954) ಚಿತ್ರದ ಮಳೆಯ ಕಾಳಗದಲ್ಲಿ ಯಾವ ಶಾಂತಿಯಿದೆ? ನಿಧಾನವೇ ಲಕ್ಷಣವಾದರೆ ಇಟಲಿ, ಫ್ರಾನ್ಸುಗಳ ಎಷ್ಟೋ ಚಿತ್ರಗಳು ಜಪಾನೀ ಆಗಬೇಕಾಗುತ್ತದೆ. ವ್ಯತ್ಯಾಸವಿರುವುದು ಕಥೆ ಎಲ್ಲಿ ನೆಲೆಸಿದೆ ಎಂಬುದರಲ್ಲಿ. ಹಾಲಿವುಡ್ ಕಟ್ಟಿ ಬೆಳೆಸಿದ ಮಾದರಿಯಲ್ಲಿ ಒಬ್ಬ ವ್ಯಕ್ತಿ ಒಂದು ನಿರ್ಧಾರ ಮಾಡುತ್ತಾನೆ, ಅದನ್ನು ನಡೆಸುತ್ತಾನೆ, ಆ ನಡೆಯೇ ಕಥೆ. ಜಪಾನಿನ ಅತ್ಯುತ್ತಮ ಚಿತ್ರಗಳಲ್ಲಿ ಕಥೆ ಆ ನಡೆಯ ನಂತರ, ಉಳಿದವರ ನಡುವೆ ಬಿಚ್ಚಿಕೊಳ್ಳುತ್ತದೆ. ಹೆಣ್ಣನ್ನು ಕಳುಹಿಸಿಕೊಟ್ಟು, ಚಪ್ಪರ ಬಿಚ್ಚಿ, ನೆಂಟರೆಲ್ಲ ಹೊರಟುಹೋದ ಮೇಲೆ ಮನೆಯಲ್ಲಿ ಉಳಿದವರ ಮುಖ ನೋಡುವ ಸಿನೆಮಾ ಅದು.

ಓಜು ಅವರ ‘ಲೇಟ್ ಸ್ಪ್ರಿಂಗ್’ನಲ್ಲಿ (1949) ಇದು ಅಕ್ಷರಶಃ ನಿಜ. ಮಗಳ ಮದುವೆಗಾಗಿ ಇಡೀ ಚಿತ್ರ ಹೆಣಗುತ್ತದೆ, ಆದರೆ ಮದುವೆಯನ್ನೇ ತೋರಿಸುವುದಿಲ್ಲ. ಗಂಡಿನ ಮುಖವನ್ನೂ ನಾವು ಕಾಣುವುದಿಲ್ಲ. ಹಾಲಿವುಡ್ ನಟ ಗ್ಯಾರಿ ಕೂಪರ್‌ನ ಹೋಲಿಕೆಯಿದೆಯೆಂದು ಸೋದರತ್ತೆ ಹೇಳುವುದಷ್ಟೇ. ಕೊನೆಗೆ ತಂದೆ ಖಾಲಿ ಮನೆಗೆ ಮರಳಿ ಒಬ್ಬನೇ ಕುಳಿತು ಸೇಬಿನ ಸಿಪ್ಪೆ ಸುಲಿಯುತ್ತಾನೆ. ಓಜು ಅವರ ಕ್ಯಾಮೆರಾ ಚಾಪೆಯ ಮೇಲೆ ಕುಳಿತವರ ಎತ್ತರದಲ್ಲಿ, ಬಹುಪಾಲು 50 ಮಿ.ಮೀ. ಲೆನ್ಸಿನಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತು ಬೆಳೆದ ನಮಗೆ ಆ ಎತ್ತರ ಅಪರಿಚಿತವಲ್ಲ. ಎತ್ತರಕ್ಕಿಂತ ಮುಖ್ಯವಾದದ್ದು, ಪಾತ್ರಗಳು ಎದ್ದುಹೋದ ಮೇಲೂ ಅದು ಹೋಗದೆ ಉಳಿಯುವುದು. ಹಾಲಿವುಡ್ಡಿನಲ್ಲಿ ಶಾಟ್ ಪಾತ್ರಕ್ಕೆ ಸೇರಿದ್ದು: ಅದರ ಕೆಲಸ ಮುಗಿದೊಡನೆ ಕತ್ತರಿ. ಓಜುವಿನಲ್ಲಿ ಶಾಟ್ ಮನೆಗೆ ಸೇರಿದ್ದು.

ಇದು ರಕ್ತದಲ್ಲಿ ಬಂದ ಜಪಾನೀತನವೆಂದು ತಿಳಿಯಬಾರದು. ಓಜು ಹಾಲಿವುಡ್ಡಿನ ಕಟ್ಟಾ ಅಭಿಮಾನಿ. 1943ರಲ್ಲಿ ಸೈನ್ಯ ಅವರನ್ನು ಸಿಂಗಪುರಕ್ಕೆ ಕಳುಹಿಸಿದಾಗ, ವಶಪಡಿಸಿಕೊಂಡ ಅಮೆರಿಕದ ಚಿತ್ರಗಳನ್ನು ಕುಳಿತು ನೋಡಿದವರು. ಅವುಗಳಲ್ಲಿ ‘ಸಿಟಿಜನ್ ಕೇನ್’ ಕೂಡ ಇತ್ತು. ‘ಟೋಕಿಯೋ ಸ್ಟೋರಿ’ಯ (1953) ಬೀಜವೂ ಅಮೆರಿಕದ್ದೇ: ಲಿಯೊ ಮೆಕೇರಿಯ ‘ಮೇಕ್ ವೇ ಫಾರ್ ಟುಮಾರೊ’ (1937). ಎರಡರಲ್ಲೂ ಮಕ್ಕಳಿಗೆ ಭಾರವಾದ ವೃದ್ಧ ದಂಪತಿಗಳಿದ್ದಾರೆ. ಮೆಕೇರಿಯ ಚಿತ್ರ ಕೊನೆಯಾಗುವುದು ರೈಲು ನಿಲ್ದಾಣದಲ್ಲಿ. ಗಂಡ ರೈಲಿನಲ್ಲಿ, ಹೆಂಡತಿ ಪ್ಲಾಟ್‌ಫಾರ್ಮಿನಲ್ಲಿ. ಹೃದಯ ಹಿಂಡುವ ಬೀಳ್ಕೊಡುಗೆ ಅದು, ದೊಡ್ಡ ಚಿತ್ರವೂ ಹೌದು. ಓಜು ಮತ್ತು ಚಿತ್ರಕಥೆಗಾರ ಕೋಗೊ ನೋಡಾ ಇದೇ ನಿಲ್ದಾಣದ ಬೀಳ್ಕೊಡುಗೆಯನ್ನು ನಡುವೆ ತಂದು ದಾಟಿಹೋಗುತ್ತಾರೆ. ತಾಯಿ ಒನೊಮಿಚಿಗೆ ಮರಳಿ ತೀರಿಕೊಳ್ಳುತ್ತಾಳೆ. ಅಂತ್ಯಕ್ರಿಯೆಯ ಊಟದ ಹೊತ್ತಿಗೇ ಹಿರಿಮಗಳು ತಾಯಿಯ ಉಡುಪು ತನಗೆ ಬೇಕೆನ್ನುತ್ತಾಳೆ. ಅವಳು ದುಷ್ಟೆಯಲ್ಲ, ತುಸು ಮೊದಲು ನಿಜವಾಗಿಯೇ ಅತ್ತಿದ್ದಳು. ಆ ಎರಡನ್ನೂ ಒಂದೇ ಹೆಂಗಸಿನಲ್ಲಿ ಕಾಣಿಸಬೇಕಾದರೆ ಸಾವಿನ ಆಚೆಗೂ ಚಿತ್ರ ನಡೆಯಬೇಕು. ಈ ಚಿತ್ರವನ್ನು 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ಸಮೀಕ್ಷೆಯಲ್ಲಿ ಜಗತ್ತಿನ ನಿರ್ದೇಶಕರು ಸಾರ್ವಕಾಲಿಕ ಶ್ರೇಷ್ಠವೆಂದು ಆರಿಸಿದರು.

ಕುರೊಸಾವಾ ಬೇರೆ ಬಗೆಯವರು. ಜಾನ್ ಫೋರ್ಡ್‌ನಿಂದ ಕಲಿತವರು, ಶೇಕ್ಸ್‌ಪಿಯರನನ್ನು ಎರಡು ಸಲ ಸಮುರಾಯ್ ಕೋಟೆಯೊಳಗೆ ತಂದವರು. ಸ್ವದೇಶದ ವಿಮರ್ಶಕರು ಅವರನ್ನು ತೀರಾ ಪಾಶ್ಚಾತ್ಯರೆಂದು ದೂರಿದ್ದುಂಟು. ಆದರೂ ‘ಇಕಿರು’ (1952) ನೋಡಿ. ಕ್ಯಾನ್ಸರ್ ತಗುಲಿದ, ಸರ್ಕಾರಿ ಕಚೇರಿಯ ವಿಭಾಗ ಮುಖ್ಯಸ್ಥ ವಟನಬೆ ಮಕ್ಕಳಿಗಾಗಿ ಉದ್ಯಾನ ಕಟ್ಟಿಸಲು ಹೊರಡುತ್ತಾನೆ. ಹೊರಟದ್ದೇ ತಡ, ಅವನು ಸತ್ತುಹೋದನೆಂಬ ಸುದ್ದಿ ಬರುತ್ತದೆ. ಚಿತ್ರ ಇನ್ನೂ ಮೂರರಲ್ಲೊಂದು ಪಾಲು ಬಾಕಿಯಿದೆ! ಉಳಿದದ್ದೆಲ್ಲ ಸಾವಿನ ಮನೆಯಲ್ಲಿ ಕುಡಿದು ಕುಳಿತ ಸಹೋದ್ಯೋಗಿಗಳ ವಾದ: ಅವನು ಮಾಡಿದ್ದೇನು, ಏಕೆ ಮಾಡಿದ, ಶ್ರೇಯ ಯಾರದು. ರಾತ್ರಿ ಎಲ್ಲರೂ ಬದಲಾಗುವ ಪ್ರತಿಜ್ಞೆ ಮಾಡುತ್ತಾರೆ, ಮರುದಿನ ಕಚೇರಿಯಲ್ಲಿ ಹಳೆಯ ಕಡತಗಳ ಹಿಂದೆ ಅಡಗುತ್ತಾರೆ. 2022ರಲ್ಲಿ ಇದನ್ನು ಇಂಗ್ಲೆಂಡಿಗೆ ಒಯ್ದ ‘ಲಿವಿಂಗ್’ ಗೌರವದಿಂದ ಮಾಡಿದ ಚಿತ್ರ. ಚಿತ್ರಕಥೆ ಕಜುವೊ ಇಶಿಗುರೊ ಅವರದು. ಆದರೆ ಅಲ್ಲಿ ಸತ್ತವನು ಕಿರಿಯ ಸಹೋದ್ಯೋಗಿಗೆ ಒಂದು ಪತ್ರ ಬಿಟ್ಟುಹೋಗುತ್ತಾನೆ. ತನ್ನ ಬದುಕಿನ ಅರ್ಥವನ್ನು ತಾನೇ ಹೇಳುತ್ತಾನೆ. ಕುರೊಸಾವಾ ಆ ಸೌಕರ್ಯ ಕೊಡುವುದಿಲ್ಲ. ವಟನಬೆಯ ಅರ್ಥ ಈಗ ಇತರರ ಬಾಯಲ್ಲಿದೆ, ಮತ್ತು ಅವರಿಗೆ ಅದನ್ನು ಹೊರುವ ಶಕ್ತಿಯಿಲ್ಲ.

‘ಸೆವೆನ್ ಸಮುರಾಯ್’ ಮತ್ತು ಅದರ ಅಮೆರಿಕನ್ ರೂಪ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಕೂಡ ಹೀಗೆಯೇ ಬೇರೆಯಾಗುತ್ತವೆ. ಅಮೆರಿಕದ ತರುಣ ಬಂದೂಕು ಬಿಚ್ಚಿಟ್ಟು ಹಳ್ಳಿಯ ಹುಡುಗಿಯ ಬಳಿ ಉಳಿಯುತ್ತಾನೆ. ಕುರೊಸಾವಾ ಅವರ ಹುಡುಗಿಯಾದರೋ ತರುಣ ಸಮುರಾಯ್‌ನನ್ನು ದಾಟಿ ನಾಟಿಯ ಗದ್ದೆಗಿಳಿಯುತ್ತಾಳೆ. ಕೆಂಜಿ ಮಿಜೊಗುಚಿಯ ‘ಉಗೆತ್ಸು’ (1953) ನಡೆಯ ನಂತರದ ಈ ಕಥೆಯನ್ನು ಒಂದೇ ಶಾಟಿನಲ್ಲಿ ಸಾಧಿಸಿದೆ. ಹಣ ಮತ್ತು ಮೋಹಿನಿಯ ಬೆನ್ನುಹತ್ತಿ ಹೋಗಿದ್ದ ಕುಂಬಾರ ಮನೆಗೆ ಮರಳುತ್ತಾನೆ. ಮನೆ ಖಾಲಿ, ಒಲೆ ತಣ್ಣಗಿದೆ. ಹೆಂಡತಿಯನ್ನು ಕರೆಯುತ್ತ ಹಿತ್ತಿಲಿಗೆ ಹೋಗಿ ಸುತ್ತಿ ಬರುವಷ್ಟರಲ್ಲಿ, ಮನೆಯೊಳಗೇ ತಿರುಗಿದ ಕ್ಯಾಮೆರಾಕ್ಕೆ ಉರಿಯುವ ಒಲೆಯ ಪಕ್ಕದಲ್ಲಿ ಅವಳು ಕಾಣುತ್ತಾಳೆ. ನಡುವೆ ಕತ್ತರಿಯಿಲ್ಲ. ಅವಳು ಸತ್ತಿದ್ದಾಳೆಂದು ಅವನಿಗೆ ತಿಳಿಯುವುದು ಬೆಳಿಗ್ಗೆ. ಛಾಯಾಗ್ರಾಹಕ ಕಜುವೊ ಮಿಯಾಗಾವಾ ಭೂತವನ್ನು ಮಸುಕು ಮಾಡಲಿಲ್ಲ, ದೀಪ ನಡುಗಿಸಲಿಲ್ಲ. ನಾನು ಕಂಡ ಯಾವ ಪಾಶ್ಚಾತ್ಯ ಭೂತಕಥೆಯಲ್ಲೂ ಪಶ್ಚಾತ್ತಾಪ ಇಷ್ಟು ಮನೆಯದಾಗಿ ಬಂದಿಲ್ಲ.

ಈ ಗುಣ ಇಂದಿಗೂ ಬತ್ತಿಲ್ಲ. ಹಿರೊಕಾಜು ಕೊರೆ-ಎಡಾ ಅವರ ‘ಸ್ಟಿಲ್ ವಾಕಿಂಗ್’ (2008) ನನಗೆ ಅವರ ‘ಶಾಪ್‌ಲಿಫ್ಟರ್ಸ್’ಗಿಂತಲೂ (2018) ಪ್ರಿಯ. ಮುಳುಗುತ್ತಿದ್ದ ಹುಡುಗನನ್ನು ಉಳಿಸಲು ಹೋಗಿ ಹಿರಿಮಗ ಸತ್ತು ವರ್ಷಗಳಾಗಿವೆ. ಆ ಸಾಹಸದ ಒಂದು ಚೌಕಟ್ಟೂ ಚಿತ್ರದಲ್ಲಿಲ್ಲ. ಇರುವುದು ಶ್ರಾದ್ಧದ ದಿನದ ಅಡುಗೆ, ಹರಟೆ, ಮತ್ತು ಬದುಕುಳಿದ ಆ ಹುಡುಗನನ್ನು ತಾಯಿ ಪ್ರತಿವರ್ಷ ಊಟಕ್ಕೆ ಕರೆಯುವುದು. ಏಕೆ ಕರೆಯುತ್ತಾಳೆಂದರೆ, ವರ್ಷಕ್ಕೊಮ್ಮೆಯಾದರೂ ಅವನು ಸಂಕಟಪಡಲಿ ಎಂದು. ಹೆಣಿಗೆ ಹಾಕುತ್ತ, ದನಿ ಎತ್ತರಿಸದೆ ಅವಳು ಇದನ್ನು ಹೇಳುತ್ತಾಳೆ. ನಟಿ ಕಿರಿನ್ ಕಿಕಿ.

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ಪರಂಪರೆಯ ದೊಡ್ಡ ಲೋಪವನ್ನು ಹೇಳಲೇಬೇಕು. ನಂತರದ್ದನ್ನು ಇಷ್ಟು ಬಲ್ಲ ಸಿನೆಮಾ ಒಂದು ‘ನಂತರ’ವನ್ನು ಬಹುಕಾಲ ಮುಟ್ಟಲಿಲ್ಲ. 1937ರಿಂದ ಸುಮಾರು ಎರಡು ವರ್ಷ ಓಜು ಚೀನಾದಲ್ಲಿ ಸೈನಿಕರಾಗಿದ್ದರು. ಅವರ ಯುದ್ಧೋತ್ತರ ಚಿತ್ರಗಳಲ್ಲಿ ಸತ್ತ ಮಕ್ಕಳ, ಗಂಡಂದಿರ ಫೋಟೋಗಳಿವೆ; ಆ ಸೈನ್ಯ ಚೀನಾದಲ್ಲಿ ಏನು ಮಾಡಿತೆಂಬ ಪ್ರಶ್ನೆಯಿಲ್ಲ. ಅದನ್ನು ಎದುರಿಸಲು ಮಸಾಕಿ ಕೊಬಯಾಶಿಯ ‘ದಿ ಹ್ಯೂಮನ್ ಕಂಡಿಷನ್’ (1959–61) ಬರಬೇಕಾಯಿತು. ನಟಿ ಸೆತ್ಸುಕೊ ಹಾರಾ ಅವರ ಸಹನೆಯ ನಗೆಯನ್ನು ಓಜು ತುಂಬ ನೆಚ್ಚಿದರು. ಹೆಣ್ಣಿನ ನೋವನ್ನು ಮಿಜೊಗುಚಿ ಕೆಲವೊಮ್ಮೆ ಅತಿ ಸುಂದರವಾಗಿಸಿದರು. ನಿರ್ದೇಶಕ ಮಿಕಿಯೊ ನರುಸೆ ಮಾತ್ರ ಬಾಡಿಗೆ, ಸಾಲ, ವಯಸ್ಸುಗಳ ಲೆಕ್ಕ ಹಾಕುತ್ತ ಹೆಣ್ಣನ್ನು ನೋಡಿದರು. ಅವರಿಗೆ ನಮ್ಮಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಕನ್ನಡ ಈ ಪರಂಪರೆಯಿಂದ ಪಡೆದದ್ದು ಎರಡು ಬಗೆ. ಒಂದು ಹೊರಮೈ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಕುರೊಸಾವಾಗೆ ಮಾಡಿದ ಬಹಿರಂಗ ನಮಸ್ಕಾರ; ಶಂಕರ್‌ನಾಗ್ ಅದರಿಂದಲೇ ತೆರೆಗೆ ಬಂದರು. ಕತ್ತಿ, ಕಾಡು, ಬಾಡಿಗೆ ಸೈನಿಕರ ಒಂಟಿತನ ಅದರಲ್ಲಿ ಚೆನ್ನಾಗಿವೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ‘ರಾಶೋಮಾನ್’ನ (1950) ಹಲವು ಬಾಯಿಗಳ ಕಥನವನ್ನು ಕರಾವಳಿಗೆ ತಂದಿತು. ನನಗದು ಇಷ್ಟವಾದ ಚಿತ್ರ. ಆದರೆ ಅಲ್ಲಿ ಒಬ್ಬೊಬ್ಬರ ಕಥೆಯೂ ಕೂಡಿ ಘಟನೆಯೊಂದು ಪೂರ್ಣವಾಗುತ್ತ ಹೋಗುತ್ತದೆ. ಕುರೊಸಾವಾದಲ್ಲಿ ಒಬ್ಬೊಬ್ಬರೂ ಮಾತಾಡಿದಂತೆ ಘಟನೆ ಕೈತಪ್ಪುತ್ತದೆ, ಕೊನೆಗೆ ಉಳಿಯುವುದು ಕೇಳಿಸಿಕೊಂಡವರು ಇನ್ನು ಹೇಗೆ ಬದುಕಬೇಕೆಂಬ ಪ್ರಶ್ನೆ.

ಒಳಗನ್ನು ಪಡೆದವರು ಕಾಸರವಳ್ಳಿ. ‘ಘಟಶ್ರಾದ್ಧ’ದಲ್ಲೇ (1977) ಅವರು ಗುರುವಿನ ಮೌನವನ್ನು ತಿದ್ದಿದ್ದಾರೆ: ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡುವ ಸಮಾಜವನ್ನು ಹೆಸರು ಹಿಡಿದೇ ತೋರಿಸುತ್ತಾರೆ, ಓಜುವಿನಂತೆ ನಿಟ್ಟುಸಿರಿಗೆ ಬಿಡುವುದಿಲ್ಲ. ನಾ. ಡಿಸೋಜರ ಕಾದಂಬರಿಯಿಂದ ಬಂದ ‘ದ್ವೀಪ’ (2002) ಅವರ ಕೃತಿಗಳಲ್ಲೇ ಈ ಪರಂಪರೆಗೆ ಅತಿ ಹತ್ತಿರ. ಅಣೆಕಟ್ಟಿನ ಹಿನ್ನೀರು ಏರುತ್ತದೆ. ನಾಗಿ ತನ್ನ ಮೈಬಲದಿಂದ, ಹಟದಿಂದ ಮನೆಯನ್ನು ಉಳಿಸುತ್ತಾಳೆ. ಪಾಶ್ಚಾತ್ಯ ಮಾದರಿಯಲ್ಲಿ ಚಿತ್ರ ಇಲ್ಲಿಗೆ ಗೆದ್ದಂತೆ. ಕಾಸರವಳ್ಳಿಯವರ ನಿಜವಾದ ಪೆಟ್ಟು ಬೀಳುವುದು ಮಳೆ ನಿಂತ ಮೇಲೆ: ಉಳಿಸಿದ್ದು ದೇವರೆಂದು ಗಂಡ ಶ್ರೇಯವನ್ನು ಅತ್ತ ಸಾಗಿಸುತ್ತಾನೆ. ವಟನಬೆಯ ಸಾವಿನ ಮನೆಯಲ್ಲಿ ನಡೆದದ್ದೂ ಇದೇ ತಾನೆ? ಇಲ್ಲಿ ಶ್ರೇಯ ಕಳೆದುಕೊಂಡವಳು ಬದುಕಿದ್ದಾಳೆ, ಎದುರಿಗೇ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ. ಕುರೊಸಾವಾ ತಲುಪದ ಕಡೆ ಈ ಚಿತ್ರ ತಲುಪಿದೆ ಎಂದು ನಾನು ಹೇಳಬಲ್ಲೆ.

ನಾಗಿಯಾಗಿ ನಟಿಸಿದವರು, ಚಿತ್ರಕ್ಕೆ ಹಣ ಹಾಕಿದವರು ಸೌಂದರ್ಯ. ಕನ್ನಡದ ಈ ಹೆಣ್ಣುಮಗಳು ತೆಲುಗು ಚಿತ್ರಗಳಲ್ಲಿ ಗಳಿಸಿದ ತಾರಾಮೌಲ್ಯವನ್ನು ಮಲೆನಾಡಿನ ಮಳೆಯಲ್ಲಿ ಇಂಥದೊಂದು ಚಿತ್ರಕ್ಕೆ ತೊಡಗಿಸಿದರು. ‘ದ್ವೀಪ’ಕ್ಕೆ ಸ್ವರ್ಣಕಮಲ ಬಂತು. 2004ರ ಏಪ್ರಿಲ್ 17ರಂದು ಬೆಂಗಳೂರಿನಿಂದ ಕರೀಂನಗರದ ಚುನಾವಣಾ ಪ್ರಚಾರಕ್ಕೆ ಹೊರಟ ಅವರ ವಿಮಾನ ಬಿದ್ದು ಅವರು ತೀರಿಕೊಂಡರು. ಹೈದರಾಬಾದಿನಲ್ಲಿ ಅವರ ಹೆಸರೆತ್ತಿದರೆ ಇಂದಿಗೂ ಜನರ ದನಿ ಮೆತ್ತಗಾಗುತ್ತದೆ. ಆದರೆ ನನ್ನ ತೆಲುಗು ಗೆಳೆಯರಲ್ಲಿ ‘ದ್ವೀಪ’ ನೋಡಿದವರನ್ನು ನಾನಿನ್ನೂ ಕಂಡಿಲ್ಲ. ಜಪಾನಿಗೆ ಚಿತ್ರ ಕಳುಹಿಸುವುದನ್ನು ಕಲಿತ ಈ ಊರು ಸಬ್‌ಟೈಟಲ್ ಹಾಕಿದ ಒಂದು ಒಳ್ಳೆಯ ಪ್ರತಿಯನ್ನು ಮೊದಲು ತನ್ನಲ್ಲಿ, ಆಮೇಲೆ ಟೋಕಿಯೋದಲ್ಲಿ ತೋರಿಸಲಿ.